275 ಸಿಸಿನಾ, 400 ಸಿಸಿನಾ? ಸ್ತನದ ಇಂಪ್ಲಾಂಟ್ ಅಳತೆ ಶುರುವಾಗುವುದು ಎಲ್ಲಿಂದ

ಪ್ರಶ್ನೆ: ನನಗೆ 36 ವರ್ಷ. ಎತ್ತರ ಐದು ಅಡಿ ಎರಡು ಇಂಚು, ತೂಕ 52 ಕೆಜಿ. ಇಬ್ಬರು ಮಕ್ಕಳು. ಚಿಕ್ಕವನು ಎದೆಹಾಲು ಬಿಟ್ಟು ಒಂದು ವರ್ಷ ದಾಟಿದೆ. ಆಮೇಲಿಂದ ಸ್ತನ ಇಳಿದುಹೋಗಿದೆ, ಮೇಲ್ಭಾಗ ಪೂರ್ತಿ ಖಾಲಿಯಾಗಿದೆ. 34ಬಿ ಬ್ರಾ ಹಾಕುತ್ತೇನೆ, ಅದೂ ಈಗ ಸಡಿಲ. ಇಬ್ಬರು ಡಾಕ್ಟರನ್ನು ಕಂಡೆ. ಮೊದಲನೆಯವರು ಅಳತೆ ತೆಗೆದು, 275 ಸಿಸಿ ಇಂಪ್ಲಾಂಟ್ ಸಾಕು, ಆದರೆ ಜೊತೆಗೆ ಲಿಫ್ಟ್ (ಇಳಿದ ಸ್ತನವನ್ನು ಎತ್ತಿ ಬಿಗಿ ಮಾಡುವ ಆಪರೇಷನ್) ಮಾಡಬೇಕು ಎಂದರು. ಎರಡನೆಯವರು 400 ಸಿಸಿ ಹಾಕಿದರೆ ತಾನಾಗಿಯೇ ತುಂಬಿಕೊಳ್ಳುತ್ತದೆ, ಲಿಫ್ಟ್ ಬೇಕಿಲ್ಲ, ಗಾಯದ ಗುರುತೂ ಕಮ್ಮಿ ಎಂದರು. ಬೆಂಗಳೂರಿನಲ್ಲಿರುವ ನನ್ನ ನಾದಿನಿ 375 ಹಾಕಿಸಿಕೊಂಡಿದ್ದಾಳೆ. ಚೆನ್ನಾಗಿ ಕಾಣುತ್ತದೆ. ಅವಳು ಮನೆಯಲ್ಲೇ ಅಕ್ಕಿ ತುಂಬಿ ಸೈಜ್ ನೋಡು ಅನ್ನುತ್ತಾಳೆ. ಮೊದಲನೆಯ ಡಾಕ್ಟರ್ ಬರೆದುಕೊಟ್ಟ ಅಳತೆ ಹೀಗಿದೆ: ಸ್ತನದ ತಳದ ಅಗಲ 11.5 ಸೆಂ.ಮೀ., ಮೇಲ್ಭಾಗದ ಪಿಂಚ್ 1.5 ಸೆಂ.ಮೀ., ಕತ್ತಿನ ಗುಳಿಯಿಂದ ತೊಟ್ಟಿಗೆ 23 ಸೆಂ.ಮೀ., ತೊಟ್ಟು ಕೆಳಮಡಿಕೆಗಿಂತ 1.5 ಸೆಂ.ಮೀ. ಕೆಳಗೆ. ನನಗೆ ಸಿ ಕಪ್ ಆದರೂ ಆಗಬೇಕು ಅಂತ ಆಸೆ. ಯಾರ ಮಾತು ಕೇಳಲಿ?
ಹೆಸರು ಬೇಡ, ದಾವಣಗೆರೆ

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮನ್ನು ಪರೀಕ್ಷಿಸದೆ ಕೊನೆಯ ಮಾತು ಹೇಳಲು ಆಗುವುದಿಲ್ಲ. ಆದರೆ ಆ ಚೀಟಿಯಲ್ಲಿರುವ ಅಳತೆ ಸರಿಯಾಗಿದ್ದರೆ, ಮೊದಲನೆಯ ಡಾಕ್ಟರ್ ಹೇಳಿದ್ದು ನಿಮ್ಮ ಮೈಗೆ ಹೊಂದುತ್ತದೆ. ಎರಡನೆಯವರು ಹೇಳಿದ್ದು ಹೊಂದುವುದಿಲ್ಲ. ಯಾಕೆ ಅಂತ ನಿಮಗೇ ಅರ್ಥವಾಗಬೇಕು. ಇಲ್ಲದಿದ್ದರೆ ಮೂರನೆಯವರು ಇನ್ನೊಂದು ನಂಬರ್ ಹೇಳಿದಾಗ ಮತ್ತೆ ಗೊಂದಲ ಶುರುವಾಗುತ್ತದೆ.

ನನ್ನ ಹತ್ತಿರ ಬರುವವರು ಮೊದಲು ಕೇಳುವುದೇ "ಎಷ್ಟು ಸಿಸಿ ಹಾಕಿಸಿಕೊಳ್ಳಲಿ?" ಅಂತ. ಸಿಸಿ ಅಂದರೆ ಇಂಪ್ಲಾಂಟ್‌ನ ಒಳಗೆ ಎಷ್ಟು ಜೆಲ್ ಹಿಡಿಸಿದೆ ಅನ್ನುವ ಲೆಕ್ಕ, ಮಿಲಿಲೀಟರ್ ಇದ್ದ ಹಾಗೆಯೇ. ಅದು ಲೆಕ್ಕದ ಕೊನೆಯಲ್ಲಿ ಬರಬೇಕಾದ ಉತ್ತರ. ಅದಕ್ಕೂ ಮೊದಲು ನಿಮ್ಮ ಎದೆಯಲ್ಲಿ ಎಷ್ಟು ಜಾಗ ಇದೆ, ಚರ್ಮ ಎಷ್ಟು ಹಿಗ್ಗಿದೆ, ಇಂಪ್ಲಾಂಟ್ ಮುಚ್ಚಲು ಮೇಲೆ ಎಷ್ಟು ಮಾಂಸ ಇದೆ ಅನ್ನುವುದನ್ನು ನೋಡಬೇಕು. ಆ ಜಾಗ ಇಂತಿಷ್ಟು ಎಂದು ಗೊತ್ತಾದ ಮೇಲೆ, ಅದರೊಳಗೆ ಸ್ವಲ್ಪ ಚಿಕ್ಕದಾ, ಸ್ವಲ್ಪ ದೊಡ್ಡದಾ ಎಂದು ಆರಿಸುವ ಹಕ್ಕು ನಿಮ್ಮದು. ಆ ಜಾಗವನ್ನೇ ಮೀರಿ ಹೋದರೆ ಮೊದಲ ವರ್ಷ ಚೆನ್ನಾಗಿಯೇ ಕಾಣಬಹುದು. ತೊಂದರೆ ಬರುವುದು ಆಮೇಲೆ.

ಮೊದಲು ಕಪ್ ವಿಷಯ ಮುಗಿಸೋಣ. "ಸಿ ಕಪ್ ಮಾಡಿಕೊಡಿ" ಎಂದರೆ ಯಾವ ಸರ್ಜನ್‌ಗೂ ಗ್ಯಾರಂಟಿ ಕೊಡಲು ಆಗುವುದಿಲ್ಲ. ಒಂದು ಕಂಪನಿಯ ಸಿ ಇನ್ನೊಂದು ಕಂಪನಿಯ ಬಿ ಆಗಿರುತ್ತದೆ. ಸುತ್ತಳತೆ ಬದಲಾದರೆ ಕಪ್‌ನ ಅರ್ಥವೂ ಬದಲಾಗುತ್ತದೆ. 34ಸಿ ಕಪ್‌ನಲ್ಲಿ ಹಿಡಿಸುವಷ್ಟೇ 36ಬಿ ಕಪ್‌ನಲ್ಲೂ 32ಡಿ ಕಪ್‌ನಲ್ಲೂ ಹಿಡಿಸುತ್ತದೆ. ಅಕ್ಷರ ಬೇರೆ, ಗಾತ್ರ ಒಂದೇ. ಅಂಗಡಿಯಲ್ಲಿ ಬಿ ಕಪ್ ಸುಲಭವಾಗಿ ಸಿಗುತ್ತದೆ ಅಂತ ಸುತ್ತಳತೆ ಹೆಚ್ಚಿಸಿಕೊಂಡು ಸುಮ್ನೆ ಅದನ್ನೇ ಹಾಕಿಕೊಂಡು ಬರುವವರು ನಮ್ಮಲ್ಲಿ ಬಹಳ. ನಿಮ್ಮ 34ಬಿ ಕೂಡ ನಿಜವಾಗಿ 34ಬಿ ಆಗಿರಲಿಕ್ಕಿಲ್ಲ. ಒಂದು ಕಪ್ ಏರಲು ಅಂದಾಜು 150ರಿಂದ 200 ಸಿಸಿ ಬೇಕು ಅಂತ ಒಂದು ಲೆಕ್ಕ ಓಡಾಡುತ್ತಿದೆ. ಅದು ಬರೀ ಅಂದಾಜು. ಎದೆಗೂಡು ಕಿರಿದಾಗಿದ್ದರೆ ಕಮ್ಮಿ ಸಾಕಾಗುತ್ತದೆ, ಅಗಲವಾಗಿದ್ದರೆ ಜಾಸ್ತಿ ಬೇಕಾಗುತ್ತದೆ. ಹಾಗಾಗಿ ಡಾಕ್ಟರ ಎದುರು ಅಕ್ಷರ ಹೇಳಬೇಡಿ. ನೋಟ ಹೇಗಿರಬೇಕು ಅಂತ ಹೇಳಿ. "ಸೀರೆ ಉಟ್ಟಾಗ ಬ್ಲೌಸ್ ತುಂಬಿರಬೇಕು, ಆದರೆ ನೋಡಿದವರಿಗೆ ಸರ್ಜರಿ ಅಂತ ಗೊತ್ತಾಗಬಾರದು" ಎಂದು ಒಬ್ಬರು ಹೇಳಿದರೆ ನನಗೆ ಅರ್ಧ ಕೆಲಸ ಮುಗಿದ ಹಾಗೆ.

ಈಗ ನಿಮ್ಮ ಚೀಟಿಯನ್ನು ಓದೋಣ.

ತಳದ ಅಗಲ 11.5 ಸೆಂ.ಮೀ. ಇದೇ ಎಲ್ಲಕ್ಕಿಂತ ಮುಖ್ಯವಾದ ಅಳತೆ. ಸ್ತನ ಎದೆಗೂಡಿನ ಮೇಲೆ ಕೂತಿರುವ ಜಾಗ, ಎದೆಯ ನಡುಮೂಳೆಯ ಕಡೆಯ ಅಂಚಿನಿಂದ ಕಂಕುಳ ಕಡೆಯ ಅಂಚಿನವರೆಗೆ. ಇದನ್ನು ಕ್ಯಾಲಿಪರ್ ಹಿಡಿದು ನೇರವಾಗಿ ಅಳೆಯುತ್ತಾರೆ, ಉಬ್ಬಿನ ಮೇಲೆ ಟೇಪ್ ಓಡಿಸುವುದಲ್ಲ. ಇಂಪ್ಲಾಂಟ್‌ನ ವ್ಯಾಸ ಈ ಅಗಲಕ್ಕಿಂತ ಒಂದು ಕೂದಲೆಳೆ ಕಮ್ಮಿಯೇ ಇರಬೇಕು. ಯಾಕಂದರೆ ಅದರ ಸುತ್ತ ನಿಮ್ಮದೇ ಮಾಂಸದ ಅಂಚು ಮುಚ್ಚಿಕೊಂಡಿರಬೇಕು. ಅಮೆರಿಕದ ಸರ್ಜನ್ ಜಾನ್ ಟೆಬೆಟ್ಸ್ ಮತ್ತು ವಿಲಿಯಂ ಆಡಮ್ಸ್ 2005ರಲ್ಲಿ ಅಳತೆಯಿಂದ ಸೈಜ್ ಹುಡುಕುವ ಒಂದು ಕ್ರಮ ಪ್ರಕಟಿಸಿದರು. ನಮ್ಮಲ್ಲಿ ಅನೇಕರು ಅದನ್ನೋ, ಅದರದೇ ಒಂದು ರೂಪವನ್ನೋ ಬಳಸುತ್ತೇವೆ. ಅದರ ಪ್ರಕಾರ ತಳ 11 ಸೆಂ.ಮೀ. ಇದ್ದರೆ 250 ಸಿಸಿಯಿಂದ ಲೆಕ್ಕ ಶುರು, 12 ಇದ್ದರೆ 300ರಿಂದ. ಆಮೇಲೆ ಚರ್ಮ ಬಿಗಿಯಾಗಿದ್ದರೆ ಸ್ವಲ್ಪ ಕಳೆಯುವುದು, ಸಡಿಲವಾಗಿದ್ದರೆ ಸ್ವಲ್ಪ ಕೂಡಿಸುವುದು. ನಿಮ್ಮ 11.5 ಈ ಎರಡರ ನಡುವೆ ಬರುತ್ತದೆ. 275 ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ವಾ? ಅವರು ಜಿಪುಣತನ ಮಾಡಿಲ್ಲ, ಲೆಕ್ಕ ಮಾಡಿದ್ದಾರೆ.

ಈಗ ಅದೇ ಜಾಗಕ್ಕೆ 400 ತನ್ನಿ. ಮಧ್ಯಮ ಪ್ರೊಫೈಲ್‌ನ, ಅಂದರೆ ಮಧ್ಯಮ ಉಬ್ಬಿನ, 400 ಸಿಸಿ ಇಂಪ್ಲಾಂಟ್ ಹೆಚ್ಚುಕಮ್ಮಿ 13 ಸೆಂ.ಮೀ. ಅಗಲ ಇರುತ್ತದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ. ಅಂದರೆ ನಿಮ್ಮ ಸ್ತನಕ್ಕಿಂತ ಒಂದೂವರೆ ಸೆಂ.ಮೀ. ಅಗಲ. ಆ ಹೆಚ್ಚುವರಿ ಅಗಲ ಎಲ್ಲಿ ಹೋಗಬೇಕು? ಒಂದೋ ಕಂಕುಳ ಕಡೆ ಸರಿಯುತ್ತದೆ. ಆಗ ಕೈ ಇಳಿಬಿಟ್ಟರೆ ತೋಳಿಗೆ ತಾಗುತ್ತದೆ, ಮಲಗಿದರೆ ಪಕ್ಕಕ್ಕೆ ಜಾರುತ್ತದೆ. ಇಲ್ಲವೇ ನಡುಮೂಳೆಯ ಕಡೆ ಬರುತ್ತದೆ. ಎರಡೂ ಕಡೆಯಿಂದ ಹಾಗೆ ಬಂದರೆ ನಡುವಿನ ಚರ್ಮ ಮೂಳೆಯಿಂದ ಎದ್ದು, ಎರಡು ಸ್ತನವೂ ಸೇರಿ ಒಂದೇ ಆದ ಹಾಗೆ ಕಾಣುತ್ತದೆ. ಇದನ್ನು ಸರಿಮಾಡುವುದು ನಮ್ಮ ಕೆಲಸದಲ್ಲಿ ಬಹಳ ತಲೆನೋವಿನ ಆಪರೇಷನ್. ನಾನಂತೂ ಅದನ್ನು ಮಾಡುವುದಕ್ಕಿಂತ ಅದು ಬಾರದ ಹಾಗೆ ನೋಡಿಕೊಳ್ಳುವುದನ್ನೇ ಇಷ್ಟಪಡುತ್ತೇನೆ.

"ಹೈ ಪ್ರೊಫೈಲ್ ಹಾಕಿದರೆ ಅಗಲ ಕಮ್ಮಿಯಾಗುತ್ತದೆ" ಅಂತ ಎರಡನೆಯವರು ಹೇಳಬಹುದು. ಮಾತು ನಿಜ. ಪ್ರೊಫೈಲ್ ಅಂದರೆ ಇಂಪ್ಲಾಂಟ್ ಎಷ್ಟು ಮುಂದಕ್ಕೆ ಉಬ್ಬುತ್ತದೆ ಅನ್ನುವುದು. ಅದೇ ನೀರನ್ನು ತಟ್ಟೆಗೆ ಸುರಿದರೆ ಹರಡಿಕೊಳ್ಳುತ್ತದೆ, ಚೊಂಬಿಗೆ ಸುರಿದರೆ ಎತ್ತರಕ್ಕೆ ನಿಲ್ಲುತ್ತದೆ. ಹೈ ಪ್ರೊಫೈಲ್‌ನಲ್ಲಿ 400 ಸಿಸಿಯ ಅಗಲ 12ರ ಆಸುಪಾಸಿಗೆ ಇಳಿಯುತ್ತದೆ. ಹಾಗಿದ್ದರೂ ನಿಮ್ಮ 11.5ಕ್ಕೆ ಅದು ದೊಡ್ಡದೇ. ಜೊತೆಗೆ ಮುಂದಕ್ಕೆ ಜಾಸ್ತಿ ತಳ್ಳುವುದರಿಂದ ಮೇಲಿನ ಚರ್ಮದ ಮೇಲೆ ಒತ್ತಡ ಹೆಚ್ಚು, ಉಂಡೆಯಂತೆ ಎದ್ದು ಕಾಣುವ ಸಾಧ್ಯತೆಯೂ ಹೆಚ್ಚು. ಹೈ ಪ್ರೊಫೈಲ್ ಕೆಟ್ಟದ್ದೇನಲ್ಲ. ಕಿರಿದಾದ ಎದೆಗೂಡಿಗೆ, ಅಳತೆ ಮೀರದ ಸಿಸಿಯಲ್ಲಿ, ಅದು ಒಳ್ಳೆಯ ಆಯ್ಕೆ. ದೊಡ್ಡ ನಂಬರನ್ನು ಸಣ್ಣ ಜಾಗಕ್ಕೆ ತುರುಕಲು ಬಳಸಿದಾಗ ಮಾತ್ರ ತೊಂದರೆ.

ಪಿಂಚ್ 1.5 ಸೆಂ.ಮೀ. ಅಂದರೆ ಸ್ತನದ ಮೇಲ್ಭಾಗವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದಾಗ ಸಿಗುವ ದಪ್ಪ. 2 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಮೇಲಿನ ಹೊದಿಕೆ ತೆಳು ಅಂತ ಅರ್ಥ. ಅಲ್ಲಿ ಇಂಪ್ಲಾಂಟನ್ನು ಬರೀ ಸ್ತನದ ಅಡಿಯಲ್ಲಿ ಇಟ್ಟರೆ ಅಂಚು ಕಾಣಬಹುದು, ಬಗ್ಗಿದಾಗ ಸುಕ್ಕು ಕೈಗೆ ಸಿಗಬಹುದು. ಅದಕ್ಕೆ ಮೇಲ್ಭಾಗವನ್ನು ಎದೆಯ ದೊಡ್ಡ ಸ್ನಾಯುವಿನ ಅಡಿಗೆ, ಕೆಳಭಾಗವನ್ನು ಸ್ತನದ ಅಡಿಗೆ ಬರುವ ಹಾಗೆ ಇಡುತ್ತೇವೆ. ಇದನ್ನು ಡ್ಯುಯಲ್ ಪ್ಲೇನ್ ಅನ್ನುತ್ತಾರೆ. ಮೊದಲ ವಾರ ನೋವು ಸ್ವಲ್ಪ ಜಾಸ್ತಿ. ಕೈಯೊತ್ತಿ ಎದ್ದಾಗ, ಭಾರ ತಳ್ಳಿದಾಗ ಸ್ತನ ಸ್ವಲ್ಪ ಕದಲುವುದು ಕಾಣಬಹುದು. ಜಿಮ್‌ನಲ್ಲಿ ಭಾರ ಎತ್ತುವ ಅಭ್ಯಾಸ ಇದ್ದರೆ ಮೊದಲೇ ಹೇಳಿ. ನಿಮ್ಮ ವಿಷಯದಲ್ಲಿ ಇದೇ ದಾರಿ ಅಂತ ನನಗನ್ನಿಸುತ್ತದೆ. ಈ ತೆಳು ಹೊದಿಕೆಯ ಅಡಿಯಲ್ಲಿ 400 ಇಟ್ಟರೆ ಇನ್ನೊಂದು ಅಪಾಯ ಇದೆ. ದೊಡ್ಡ ಇಂಪ್ಲಾಂಟ್ ವರ್ಷಗಟ್ಟಲೆ ಒತ್ತುತ್ತಾ ಇದ್ದರೆ ಮೇಲಿನ ಮಾಂಸ ಇನ್ನೂ ತೆಳುವಾಗುತ್ತದೆ. ಒಮ್ಮೆ ಕರಗಿದ್ದನ್ನು ಮತ್ತೆ ತರಲು ಆಗುವುದಿಲ್ಲ. ಆಮೇಲೆ ಇಂಪ್ಲಾಂಟ್ ತೆಗೆಸಿದರೂ ನೀವು ಇವತ್ತು ಇದ್ದ ಸ್ಥಿತಿಗೆ ವಾಪಸ್ ಬರುವುದಿಲ್ಲ.

ಕೊನೆಯ ಅಳತೆಗೆ ಬಂದರೆ, ನಿಮ್ಮ ಪ್ರಶ್ನೆಯ ನಿಜವಾದ ಗಂಟು ಇಲ್ಲಿದೆ. ತೊಟ್ಟು ಕೆಳಮಡಿಕೆಗಿಂತ 1.5 ಸೆಂ.ಮೀ. ಕೆಳಗಿದೆ. ಕೆಳಮಡಿಕೆ ಅಂದರೆ ಸ್ತನದ ಅಡಿಯಲ್ಲಿ, ಬ್ರಾದ ಪಟ್ಟಿ ಕೂರುವ ಗೆರೆ. ತೊಟ್ಟು ಆ ಗೆರೆಗಿಂತ ಮೇಲಿದ್ದು, ಬರೀ ಮೇಲ್ಭಾಗ ಖಾಲಿಯಾಗಿದ್ದರೆ ಇಂಪ್ಲಾಂಟ್ ಒಂದೇ ಸಾಕು. ಗೆರೆಯ ಮಟ್ಟದಲ್ಲೇ ಇದ್ದರೆ ಕೆಲವರಿಗೆ ಸಾಕಾಗುತ್ತದೆ, ಕೆಲವರಿಗೆ ಇಲ್ಲ. ಗೆರೆಗಿಂತ ಇಷ್ಟು ಕೆಳಗೆ ಇಳಿದಿದ್ದರೆ ಇಂಪ್ಲಾಂಟ್ ಅದನ್ನು ಎತ್ತುವುದಿಲ್ಲ. ಇಂಪ್ಲಾಂಟ್ ತುಂಬುತ್ತದೆ, ಎತ್ತುವುದಿಲ್ಲ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

"ದೊಡ್ಡದು ಹಾಕಿದರೆ ಸಡಿಲ ಚರ್ಮ ತುಂಬಿಕೊಂಡು ಲಿಫ್ಟ್ ತಪ್ಪುತ್ತದೆ" ಅನ್ನುವ ಮಾತು ಕೇಳಲು ಸೊಗಸು. ಗಾಯದ ಗುರುತು ಕಮ್ಮಿ, ಖರ್ಚು ಕಮ್ಮಿ, ಸೈಜೂ ಜಾಸ್ತಿ. ಯಾರಿಗೆ ಬೇಡ ಹೇಳಿ? ಆದರೆ ಆಗುವುದೇನೆಂದರೆ, ಇಂಪ್ಲಾಂಟ್ ಮೇಲೆ ಸ್ನಾಯುವಿನ ಅಡಿಯಲ್ಲಿ ನಿಲ್ಲುತ್ತದೆ, ನಿಮ್ಮ ಸ್ತನ ಅದರ ಮುಂದಿನಿಂದ ಕೆಳಗೆ ಜೋತು ಬೀಳುತ್ತದೆ. ಪಕ್ಕದಿಂದ ನೋಡಿದರೆ ಎರಡು ಉಬ್ಬು. ಇಲ್ಲವಾದರೆ ಭಾರಕ್ಕೆ ಇಂಪ್ಲಾಂಟ್ ಸಮೇತ ಎಲ್ಲವೂ ಕೆಳಗಿಳಿದು, ತೊಟ್ಟು ಮೇಲ್ಮುಖವಾಗಿ, ಕೆಳಭಾಗ ಮಡಿಕೆ ದಾಟಿ ಜಾರುತ್ತದೆ. ನಿಮ್ಮ ಚರ್ಮ ಎರಡು ಬಸಿರು, ಎರಡು ಸಲ ಹಾಲೂಡಿಸಿದ್ದನ್ನು ಕಂಡಿದೆ. ಒಮ್ಮೆ ಹಿಗ್ಗಿದ ಚರ್ಮದ ಬಿಗಿ ಮೊದಲಿನಷ್ಟು ಇರುವುದಿಲ್ಲ. ಅದರ ಮೇಲೆ ಇನ್ನಷ್ಟು ಭಾರ ಹೇರಿದರೆ ಇನ್ನಷ್ಟು ಬೇಗ ಇಳಿಯುತ್ತದೆ. ಆಗ ಲಿಫ್ಟ್ ಹೇಗೂ ಬೇಕಾಗುತ್ತದೆ, ಅದೂ ಮೊದಲಿಗಿಂತ ತೆಳುವಾದ ಮಾಂಸದ ಮೇಲೆ.

ಭಾರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಿಲಿಕೋನ್ ಜೆಲ್ ಒಂದು ಸಿಸಿಗೆ ಹೆಚ್ಚುಕಮ್ಮಿ ಒಂದು ಗ್ರಾಂ. 275 ಎರಡೂ ಕಡೆ ಸೇರಿ 550 ಗ್ರಾಂ, 400 ಎರಡೂ ಕಡೆ ಸೇರಿ 800 ಗ್ರಾಂ. ವ್ಯತ್ಯಾಸ ಕಾಲು ಕೆಜಿ. ಸಂತೆಯಲ್ಲಿ ಕಾಲು ಕೆಜಿ ಏನೂ ಅಲ್ಲ. ಆದರೆ ಇದು ರಾತ್ರಿ ಹಗಲು ಮೈಮೇಲೆಯೇ ಇರುವ ಭಾರ.

ಲಿಫ್ಟ್‌ನ ಗಾಯದ ಗುರುತಿನ ಬಗ್ಗೆ ನಿಮಗೆ ಭಯ ಇದ್ದೇ ಇರುತ್ತದೆ, ಅದು ಸಹಜ. ಸಾಮಾನ್ಯವಾಗಿ ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿಗೆ ಒಂದು ಗೆರೆ, ಅಲ್ಲಿಂದ ನೇರ ಕೆಳಗೆ ಮಡಿಕೆಯವರೆಗೆ ಇನ್ನೊಂದು. ಚರ್ಮ ತುಂಬಾ ಜಾಸ್ತಿ ಇದ್ದರೆ ಮಡಿಕೆಯುದ್ದಕ್ಕೂ ಮೂರನೆಯದು. ಮೊದಲ ಕೆಲವು ತಿಂಗಳು ಕೆಂಪಗೆ, ಎದ್ದು ಕಾಣುತ್ತದೆ. ಒಂದು ಒಂದೂವರೆ ವರ್ಷದಲ್ಲಿ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ನಮ್ಮ ಮೈಬಣ್ಣದವರಿಗೆ ಗುರುತು ಸ್ವಲ್ಪ ಕಪ್ಪಾಗಿ ಉಳಿಯುವುದುಂಟು. ನಿಮಗೆ ಹಳೆಯ ಗಾಯ, ಸಿಸೇರಿಯನ್ ಗುರುತು ಅಥವಾ ಕಿವಿ ಚುಚ್ಚಿಸಿದ ಜಾಗ ದಪ್ಪವಾಗಿ ಉಬ್ಬಿದೆಯೇ ನೋಡಿಕೊಂಡು ಡಾಕ್ಟರಿಗೆ ತೋರಿಸಿ. ಹಾಗೆ ಉಬ್ಬುವ ಗುಣ ಇದ್ದರೆ ಯೋಚನೆ ಬೇರೆ ಥರ ಮಾಡಬೇಕಾಗುತ್ತದೆ.

ಇನ್ನೊಂದು ಮಾತು. ಲಿಫ್ಟ್ ಮತ್ತು ಇಂಪ್ಲಾಂಟ್ ಒಂದಕ್ಕೊಂದು ಎದುರಾಗಿ ಕೆಲಸ ಮಾಡುತ್ತವೆ. ಲಿಫ್ಟ್ ಚರ್ಮವನ್ನು ಬಿಗಿ ಮಾಡುತ್ತದೆ, ಇಂಪ್ಲಾಂಟ್ ಹಿಗ್ಗಿಸುತ್ತದೆ. ಎರಡನ್ನೂ ಒಟ್ಟಿಗೆ ಮಾಡುವಾಗ ಇಂಪ್ಲಾಂಟ್ ದೊಡ್ಡದಾದಷ್ಟೂ ಹೊಲಿಗೆಯ ಮೇಲೆ ಎಳೆತ, ತೊಟ್ಟಿಗೆ ಹೋಗುವ ರಕ್ತದ ಮೇಲೆ ಒತ್ತಡ ಹೆಚ್ಚು. ಅದಕ್ಕೇ ಇಂಥ ಸಂದರ್ಭದಲ್ಲಿ ಸರ್ಜನ್‌ಗಳು ಕೈ ಬಿಗಿ ಹಿಡಿಯುತ್ತಾರೆ. ಕೆಲವರು ಮೊದಲು ಲಿಫ್ಟ್ ಮಾಡಿ, ಕೆಲವು ತಿಂಗಳ ನಂತರ ಇಂಪ್ಲಾಂಟ್ ಹಾಕುತ್ತಾರೆ. ಈ ದಾರಿಯಲ್ಲಿ ಒಂದು ಲಾಭವಿದೆ. ಲಿಫ್ಟ್ ಆದ ಮೇಲೆ ಕನ್ನಡಿ ನೋಡಿಕೊಂಡು "ಇಷ್ಟೇ ಸಾಕು" ಅನ್ನುವವರೂ ಇದ್ದಾರೆ. ನಿಮ್ಮ ಆಸೆ ದೊಡ್ಡ ಎದೆಯಾ, ಅಥವಾ ಹೆರಿಗೆಗೆ ಮುಂಚಿನ ಎದೆಯಾ? ಪತ್ರ ಓದಿದರೆ ಎರಡನೆಯದು ಅಂತಲೇ ನನಗೆ ಅನ್ನಿಸಿತು. ಹಾಗಿದ್ದರೆ ಬರೀ ಲಿಫ್ಟ್ ಮಾಡಿದರೆ ಹೇಗೆ ಕಾಣುತ್ತದೆ ಅಂತ ಮೊದಲನೆಯ ಡಾಕ್ಟರನ್ನು ಒಮ್ಮೆ ಕೇಳಿ ನೋಡಿ. ಲಿಫ್ಟ್ ಒಂದರಿಂದ ಮೇಲ್ಭಾಗ ಮೊದಲಿನಷ್ಟು ತುಂಬುವುದಿಲ್ಲ. ಅಷ್ಟು ಮಾತ್ರ ಗೊತ್ತಿರಲಿ.

ನಾದಿನಿಯ 375 ಯಾಕೆ ಚೆನ್ನಾಗಿ ಕಾಣುತ್ತದೆ? ಬಹುಶಃ ಅವರ ತಳದ ಅಗಲ 13 ಇರಬಹುದು. ಎತ್ತರ ಜಾಸ್ತಿ ಇರಬಹುದು. ಮೊದಲೇ ಸ್ವಲ್ಪ ಮಾಂಸ ಇದ್ದಿರಬಹುದು. ಅದೇ 375 ಐದು ಅಡಿ ಏಳು ಇಂಚಿನ ಅಗಲ ಭುಜದ ಹೆಂಗಸಿನಲ್ಲಿ ಕಂಡೂ ಕಾಣದ ಹಾಗಿರುತ್ತದೆ, ಕಿರಿದಾದ ಮೈಯಲ್ಲಿ ಎದ್ದು ಕಾಣುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಮೊದಲು–ಆಮೇಲೆ ಫೋಟೊ ನೋಡುವಾಗಲೂ ಹೀಗೆಯೇ. ಎಲ್ಲರೂ "ಆಮೇಲೆ" ಫೋಟೊ ನೋಡಿ ಆಸೆಪಡುತ್ತಾರೆ. ನೀವು "ಮೊದಲು" ಫೋಟೊ ನೋಡಿ. ಆ ಮೈ ನಿಮ್ಮ ಮೈಯಂತೆ ಇದ್ದರೆ ಮಾತ್ರ ಮುಂದಿನ ಫೋಟೊ ನಿಮಗೆ ಉಪಯೋಗಕ್ಕೆ ಬರುತ್ತದೆ.

ಅಕ್ಕಿಯ ಪರೀಕ್ಷೆಗೆ ನನ್ನ ವಿರೋಧ ಇಲ್ಲ. ಮಾಡಿ ನೋಡಿ. ಆದರೆ ಪಾವಿನಲ್ಲಿ ಅಳೆಯಬೇಡಿ, ಒಬ್ಬೊಬ್ಬರ ಮನೆಯ ಪಾವು ಒಂದೊಂದು ಥರ. ಮಿಲಿಲೀಟರ್ ಗೆರೆ ಇರುವ ಅಳತೆ ಕಪ್‌ನಲ್ಲಿ 250, 275, 300 ಅಂತ ಅಕ್ಕಿ ಅಳೆದು, ತೆಳು ಸಾಕ್ಸ್‌ಗೆ ಅಥವಾ ಪ್ಲಾಸ್ಟಿಕ್ ಕವರ್‌ಗೆ ತುಂಬಿ, ಸ್ವಲ್ಪ ಚಪ್ಪಟೆ ಮಾಡಿ, ಪ್ಯಾಡ್ ಇಲ್ಲದ ಎಳೆದರೆ ಹಿಗ್ಗುವ ಬ್ರಾ ಒಳಗೆ ಇಡಿ. ಕನ್ನಡಿ ಮುಂದೆ ಎರಡು ನಿಮಿಷ ನಿಂತರೆ ಏನೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಅರ್ಧ ದಿನ ಹಾಕಿಕೊಂಡು ಓಡಾಡಿ. ಮೆಟ್ಟಿಲು ಹತ್ತಿ, ಬಗ್ಗಿ ಕಸ ಗುಡಿಸಿ, ಮಗುವನ್ನು ಎತ್ತಿಕೊಳ್ಳಿ, ಚೂಡಿದಾರ ಹಾಕಿ ನೋಡಿ, ಸೀರೆ ಉಟ್ಟು ನೋಡಿ. ಎರಡು ಸಂಗತಿ ನೆನಪಿರಲಿ. ಅಕ್ಕಿ ಜೆಲ್‌ಗಿಂತ ಹಗುರ, ಹಾಗಾಗಿ ನಿಜವಾದ ಭಾರ ಇದಕ್ಕಿಂತ ಹೆಚ್ಚು. ಮತ್ತೆ, ಅಕ್ಕಿ ಸ್ತನದ ಮುಂದೆ ಕೂರುತ್ತದೆ, ಇಂಪ್ಲಾಂಟ್ ಹಿಂದೆ ಕೂರುತ್ತದೆ. ಆಕಾರ ಹೇಗೆ ಬರುತ್ತದೆ ಅಂತ ಅಕ್ಕಿ ಹೇಳುವುದಿಲ್ಲ. ನಿಮ್ಮ ಮನಸ್ಸಿಗೆ ಎಷ್ಟು ಬೇಕು ಅನ್ನುವುದರ ಅಂದಾಜು ಸಿಗುತ್ತದೆ, ಅಷ್ಟೇ. ಕೆಲವು ಆಸ್ಪತ್ರೆಗಳಲ್ಲಿ ಬ್ರಾ ಒಳಗೆ ಇಟ್ಟು ನೋಡುವ ಸೈಜರ್ ಇರುತ್ತದೆ, 3ಡಿ ಕ್ಯಾಮೆರಾದಲ್ಲಿ ಫೋಟೊ ತೆಗೆದು ಕಂಪ್ಯೂಟರ್‌ನಲ್ಲಿ ತೋರಿಸುವುದೂ ಇದೆ. ಮಾತಾಡಲು ಇವು ಅನುಕೂಲ. ಕಂಪ್ಯೂಟರ್ ತೋರಿಸಿದ್ದೇ ಬರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ.

275ಕ್ಕೂ 300ಕ್ಕೂ ನಡುವೆ ಒದ್ದಾಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳುವವರನ್ನು ನೋಡಿದ್ದೇನೆ. 25 ಸಿಸಿ ಅಂದರೆ ಐದು ಟೀ ಚಮಚ. ಇಡೀ ಸ್ತನದಲ್ಲಿ ಅದು ಹರಡಿಕೊಂಡಾಗ ನಿಮ್ಮ ಕಣ್ಣಿಗೆ ಕಾಣುವುದೇ ಕಷ್ಟ. ಅಳತೆಯ ಒಳಗೇ ಇರುವ ಎರಡು ನಂಬರ್ ನಡುವೆ ಮನಸ್ಸು ತೂಗಾಡುತ್ತಿದ್ದರೆ, ಬರೀ ಇಂಪ್ಲಾಂಟ್ ಹಾಕುವವರಿಗೆ ನಾನು ದೊಡ್ಡದರ ಕಡೆ ವಾಲುತ್ತೇನೆ. "ಇನ್ನು ಸ್ವಲ್ಪ ದೊಡ್ಡದು ಹಾಕಿಸಬೇಕಿತ್ತು" ಅನ್ನುವ ಮಾತು ಆಮೇಲೆ ಬಹಳ ಕೇಳಿಬರುತ್ತದೆ. ಲಿಫ್ಟ್ ಜೊತೆಗೆ ಮಾಡುವವರಿಗೆ ಚಿಕ್ಕದರ ಕಡೆ ವಾಲುತ್ತೇನೆ. ನೀವು ಎರಡನೆಯ ಗುಂಪು. ಒಂದು ಬದಿ ಇನ್ನೊಂದಕ್ಕಿಂತ ಚಿಕ್ಕದಿದ್ದರೆ ಎರಡು ಬೇರೆ ಬೇರೆ ಸಿಸಿ ಹಾಕುವುದೂ ಇದೆ. ಎರಡು ಬದಿ ಪೂರ್ತಿ ಒಂದೇ ಥರ ಯಾರಿಗೂ ಇರುವುದಿಲ್ಲ.

ಒಂದು ಹಳೆಯ ಕಥೆ ಹೇಳುತ್ತೇನೆ, ನಿಮಗೆ ಕುತೂಹಲ ಅನ್ನಿಸಬಹುದು. ಜಗತ್ತಿನಲ್ಲಿ ಮೊದಲು ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡವರು ಟೆಕ್ಸಾಸ್‌ನ ಟಿಮ್ಮಿ ಜೀನ್ ಲಿಂಡ್ಸಿ. 1962ರಲ್ಲಿ ಹೂಸ್ಟನ್‌ನಲ್ಲಿ ಫ್ರಾಂಕ್ ಗೆರೋ ಮತ್ತು ಥಾಮಸ್ ಕ್ರೋನಿನ್ ಎಂಬ ಸರ್ಜನ್‌ಗಳು ಆಪರೇಷನ್ ಮಾಡಿದರು. ಆಕೆ ಆಸ್ಪತ್ರೆಗೆ ಹೋಗಿದ್ದು ಹಚ್ಚೆ ತೆಗೆಸಲು. ಡಾಕ್ಟರುಗಳೇ ಕೇಳಿದ್ದಕ್ಕೆ ಒಪ್ಪಿಕೊಂಡರು. ಆದ ಬದಲಾವಣೆ ಬಿ ಕಪ್‌ನಿಂದ ಸಿ ಕಪ್‌ಗೆ. ನೀವು ಕೇಳುತ್ತಿರುವುದೂ ಅಷ್ಟೇ ಅಲ್ವಾ?

ಸೈಜ್ ಜೊತೆಗೆ ನೇರ ಸಂಬಂಧ ಇಲ್ಲದಿದ್ದರೂ ನಿರ್ಧಾರಕ್ಕೆ ಮುಂಚೆ ಗೊತ್ತಿರಬೇಕಾದ ಕೆಲವು ಸಂಗತಿಗಳಿವೆ. ಇಂಪ್ಲಾಂಟ್ ಜೀವನಪರ್ಯಂತದ ವಸ್ತು ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಇದನ್ನೇ ದೊಡ್ಡ ಅಕ್ಷರದ ಎಚ್ಚರಿಕೆಯಲ್ಲಿ ಸೇರಿಸಿತು. ತಯಾರಕ ಕಂಪನಿಗಳೇ ಹತ್ತು ವರ್ಷ ಹಿಂಬಾಲಿಸಿ ಮಾಡಿದ ಅಧ್ಯಯನಗಳಲ್ಲಿ, ಸೌಂದರ್ಯಕ್ಕಾಗಿ ಮೊದಲ ಸಲ ಹಾಕಿಸಿಕೊಂಡವರಲ್ಲಿ ಅಂದಾಜು ಕಾಲು ಭಾಗದಿಂದ ಮೂರನೇ ಒಂದು ಭಾಗ ಜನ ಯಾವುದೋ ಕಾರಣಕ್ಕೆ ಮತ್ತೆ ಆಪರೇಷನ್ ಟೇಬಲ್ ಹತ್ತಿದ್ದಾರೆ. ಇಂಪ್ಲಾಂಟ್ ಸುತ್ತ ಮೈ ಕಟ್ಟಿಕೊಳ್ಳುವ ಪೊರೆ ಬಿಗಿದು ಗಟ್ಟಿಯಾಗುವುದು ಅದರಲ್ಲಿ ದೊಡ್ಡ ಕಾರಣ. ಸೈಜ್ ಬದಲಿಸಿಕೊಳ್ಳುವ ಆಸೆಯೂ ಒಂದು ಕಾರಣ. ಸಿಲಿಕೋನ್ ಇಂಪ್ಲಾಂಟ್ ಒಡೆದರೆ ಹೊರಗೆ ಏನೂ ಗೊತ್ತಾಗದೆ ಇರಬಹುದು. ಹಾಗಾಗಿ ಹಾಕಿಸಿಕೊಂಡ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಅಂತ ಎಫ್‌ಡಿಎ ಸಲಹೆ. ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ನಮ್ಮ ಆರೋಗ್ಯ ವಿಮೆಗಳು ಸೌಂದರ್ಯದ ಸರ್ಜರಿಗೆ ಹಣ ಕೊಡುವುದಿಲ್ಲ. ಕ್ಯಾನ್ಸರ್‌ಗೆ ಸ್ತನ ತೆಗೆದ ನಂತರ ಮತ್ತೆ ಕಟ್ಟುವುದು ಬೇರೆ ವಿಷಯ.

ಇಂಪ್ಲಾಂಟ್‌ನ ಹೊರಮೈ ನುಣುಪಾ, ತರಿತರಿಯಾ ಅಂತಲೂ ಕೇಳಿ. ತರಿ ಮೈಯ ಇಂಪ್ಲಾಂಟ್‌ಗಳಿಗೆ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರ್ ಜೊತೆ ನಂಟು ಕಂಡಿದೆ. 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ನಿಮ್ಮಂಥವರಿಗೆ ನುಣುಪು ಮೈಯದ್ದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆಪರೇಷನ್ ಆದ ಮೇಲೆ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಸಿಸಿ ಬರೆದ ಕಾರ್ಡ್ ಕೊಡುತ್ತಾರೆ. ಅದನ್ನು ಮಕ್ಕಳ ಜನನ ಪತ್ರ ಇಡುವ ಕಡೆಯೇ ಇಡಿ. ಫ್ರಾನ್ಸ್‌ನ ಪಿಐಪಿ ಕಂಪನಿ ಕೈಗಾರಿಕೆಗೆ ಬಳಸುವ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಬಯಲಾದಾಗ, ತಮ್ಮ ಒಳಗೆ ಇರುವುದು ಯಾವ ಕಂಪನಿಯದ್ದು ಅಂತ ಹೇಳುವ ಕಾರ್ಡ್ ಕೈಯಲ್ಲಿದ್ದವರಿಗೆ ಹುಡುಕಾಟ ತಪ್ಪಿತು.

ಇನ್ನೊಂದು ಮಗು ಬೇಕು ಅನ್ನುವ ಯೋಚನೆ ಇದ್ದರೆ ಈಗ ಬೇಡ, ಮಾಡಿದ್ದೆಲ್ಲ ಮತ್ತೆ ಹಿಗ್ಗುತ್ತದೆ. ತೂಕ ಇಳಿಸುವ ಯೋಚನೆ ಇದ್ದರೆ ಮೊದಲು ಇಳಿಸಿ, ಆರು ತಿಂಗಳು ಅಲ್ಲೇ ನಿಲ್ಲಿಸಿ, ಆಮೇಲೆ ಅಳತೆ ಕೊಡಿ. ತಾಯಿ, ಅಕ್ಕ ತಂಗಿಯರಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಮುಂದೆ ಮ್ಯಾಮೊಗ್ರಾಂ ಮಾಡಿಸುವಾಗ ಇಂಪ್ಲಾಂಟ್ ಇದೆ ಅಂತ ಹೇಳಲೇಬೇಕು. ಅದನ್ನು ಹಿಂದಕ್ಕೆ ಸರಿಸಿ ತೆಗೆಯುವ ಹೆಚ್ಚುವರಿ ಚಿತ್ರಗಳು ಬೇಕಾಗುತ್ತವೆ. ಬೀಡಿ ಸಿಗರೇಟು ಬಿಡಿ, ಹೊಗೆಸೊಪ್ಪು ಹಾಕಿದ ಎಲೆಅಡಿಕೆ, ಗುಟ್ಕಾ ಅಭ್ಯಾಸ ಇದ್ದರೂ ಮುಚ್ಚಿಡಬೇಡಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಲಿಫ್ಟ್‌ನಲ್ಲಿ ತೊಟ್ಟಿನ ಜೀವ ನಿಂತಿರುವುದೇ ಆ ರಕ್ತದ ಮೇಲೆ. ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಬೇಕು.

ಆಪರೇಷನ್ ಆದ ಮೊದಲ ವಾರಗಳಲ್ಲಿ ಕನ್ನಡಿ ನೋಡಿ ಸೈಜ್ ತೀರ್ಮಾನ ಮಾಡಬೇಡಿ. ಊತ ಇರುತ್ತದೆ, ಇಂಪ್ಲಾಂಟ್ ಮೇಲೆ ಕೂತಿರುತ್ತದೆ, ಸ್ನಾಯು ಬಿಗಿಯಾಗಿರುತ್ತದೆ. ಇಳಿದು ಜಾಗಕ್ಕೆ ಕೂರಲು ಮೂರರಿಂದ ಆರು ತಿಂಗಳು ಬೇಕು. ಹೊಸ ಬ್ರಾ, ಹೊಸ ಬ್ಲೌಸ್ ಎಲ್ಲ ಆಮೇಲೆ. ಟೈಲರ್ ಹತ್ತಿರ ಹಳೆಯ ಬ್ಲೌಸ್ ಬಿಚ್ಚಿಸುವ ಆತುರವೂ ಬೇಡ.

ಈಗ ನೀವು ಮಾಡಬೇಕಾದ ಕೆಲಸ. ಎರಡನೆಯ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ ಮೂರು ಪ್ರಶ್ನೆ ಕೇಳಿ. ನನ್ನ ತಳದ ಅಗಲ ಎಷ್ಟು? ನೀವು ಹೇಳುವ 400ರ ವ್ಯಾಸ ಎಷ್ಟು? ತೊಟ್ಟು ಮಡಿಕೆಗಿಂತ ಕೆಳಗಿದೆಯಲ್ಲ, ಲಿಫ್ಟ್ ಇಲ್ಲದೆ ಅದು ಹೇಗೆ ಮೇಲೆ ಬರುತ್ತದೆ? ಅವರು ಅಳತೆ ತೆಗೆದು, ಕ್ಯಾಟಲಾಗ್ ತೆರೆದು, ನಿಮಗೆ ತೃಪ್ತಿಯಾಗುವ ಉತ್ತರ ಕೊಟ್ಟರೆ ಕೇಳಿಸಿಕೊಳ್ಳಿ. "ಅದೆಲ್ಲ ನಮಗೆ ಬಿಡಿ" ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಇಬ್ಬರ ಓದನ್ನೂ ವಿಚಾರಿಸಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್ ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಆಗಿರಬೇಕು. ಬೋರ್ಡಿನ ಮೇಲೆ ಬರೀ "ಕಾಸ್ಮೆಟಿಕ್ ಸರ್ಜನ್" ಅಂತ ಇದ್ದರೆ ಅದು ಓದಿನ ಹೆಸರಲ್ಲ. ಆಪರೇಷನ್ ಎಲ್ಲಿ ಮಾಡುತ್ತಾರೆ, ಅನಸ್ತೇಶಿಯಾ ಡಾಕ್ಟರ್ ಯಾರು, ಐಸಿಯು ಇದೆಯೇ ಅಂತಲೂ ಕೇಳಿ. ಕೊನೆಯದಾಗಿ ಹಣದ ಮಾತು. ಪೊರೆ ಗಟ್ಟಿಯಾದರೆ, ಇಂಪ್ಲಾಂಟ್ ಜಾಗ ಬದಲಿಸಿದರೆ, ಒಡೆದರೆ, ಎರಡನೆಯ ಆಪರೇಷನ್ನಿನ ಇಂಪ್ಲಾಂಟ್ ಖರ್ಚು ಯಾರದ್ದು, ಆಸ್ಪತ್ರೆ ಖರ್ಚು ಯಾರದ್ದು, ಸರ್ಜನ್ ಫೀಸು ಯಾರದ್ದು ಅಂತ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಕಂಪನಿಯ ವಾರಂಟಿಯಲ್ಲಿ ಹೊಸ ಇಂಪ್ಲಾಂಟ್ ಸಿಕ್ಕರೂ ಉಳಿದ ಎರಡು ಖರ್ಚು ನಿಮ್ಮ ತಲೆಗೇ ಬರಬಹುದು.